ನಿಮ್ಮ ಎಡಭುಜಕ್ಕೆ ನಾನು ಅಂಟಿಸಿದ್ದು

ಅತ್ತೆಯವರಿಗೆ,

ಮಂಗಳೂರಿನ ಡಾಕ್ಟರು ನಿಮ್ಮ ಸೊಂಟನೋವಿಗೆ ಆ ಬ್ಯಾಟರಿ ಯಂತ್ರ ಕೊಟ್ಟ ದಿನ ನೆನಪಿದೆಯೆ? ನಿಮ್ಮ ಸೊಂಟದಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಪೆನ್ನಿನಿಂದ ಗುರುತು ಮಾಡಿ, ಕಪ್ಪು ರಬ್ಬರ್ ಪಟ್ಟಿಗಳನ್ನು ಅಲ್ಲೇ ಅಂಟಿಸಬೇಕು, ಸಣ್ಣ ಕರೆಂಟು ಹರಿದು ನೋವು ಮಂಕಾಗುತ್ತದೆ ಎಂದಿದ್ದರು. ಸ್ನಾನಕ್ಕೆ ಗುರುತು ಅಳಿಸಿಹೋಗುತ್ತಿತ್ತು. ದಿನಾ ನಾನೇ ಹೊಸದಾಗಿ ಬರೆಯುತ್ತಿದ್ದೆ. "ಕಾಫಿ ಮೂಟೆಗೆ ಹಾಕಿದ ಹಾಗೆ ಮಾರ್ಕ್ ಹಾಕ್ತೀಯಲ್ಲ ಮಾರಾಯ್ತಿ, ನನ್ನನ್ನೂ ಲಾರಿಗೆ ಹತ್ತಿಸ್ತೀಯಾ?" ಎಂದು ನೀವು ನಕ್ಕರೆ ಗೆರೆ ಸೊಟ್ಟಗಾಗುತ್ತಿತ್ತು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ನಿಮ್ಮ ಬೆನ್ನು ಮುಟ್ಟಿದ್ದು ಅದೇ ಮೊದಲು.

ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ನಾನೇ ಓದಿ ಹೇಳಿದ್ದೆ. ಎದೆಯ ಮೇಲೆ ಹಾಕಬಾರದು. ಕುತ್ತಿಗೆಯ ಮುಂದೆ ಹಾಕಬಾರದು. ಕಾರಣ ತಿಳಿಯದ ನೋವಿಗೆ ಬಳಸಲೇಬಾರದು. "ಕಾನ್ವೆಂಟಲ್ಲಿ ಓದಿದವಳು ಮನೇಲಿರುವಾಗ ನಂಗೆಂಥ ಹೆದರಿಕೆ?" ಎಂದಿರಿ. ಹೆದರಬೇಕಿತ್ತು ಅತ್ತೆ.

ಕಾಫಿ ಹಣ್ಣು ಕೊಯ್ಯುವ ಸಮಯದ ಆ ಸೋಮವಾರ ನೀವು ಕರೆದಿರಿ. "ಇವತ್ತು ಸೊಂಟ ಅಡ್ಡಿಲ್ಲ. ಎಡಭುಜಕ್ಕೆ ಹಾಕು, ಕೈವರೆಗೂ ಎಳೀತಿದೆ."

"ಭಾರ ಏನಾದ್ರೂ ಎತ್ತಿದ್ರಾ?"

"ಹೂಂ, ನಿನ್ನೆ ಹಣ್ಣಿನ ಬುಟ್ಟಿ ಎತ್ತಿಕೊಟ್ಟೆ."

ನನಗೆ ಅಷ್ಟೇ ಸಾಕಾಯಿತು. ಕಾರಣ ತಿಳಿಯಿತಲ್ಲ! ಒಂದು ಪಟ್ಟಿ ಭುಜದ ಹಿಂದೆ, ಒಂದು ತೋಳಿಗೆ. "ಇನ್ನೊಂಚೂರು ಕೆಳಗೆ... ಹಾಂ, ಅಲ್ಲೇ. ಇರುವೆ ಹರಿದ ಹಾಗಿದೆ." ನೋವು ಇಳಿಯಿತು ಎಂದಿರಿ. ನಿಮ್ಮ ಹಣೆಯಲ್ಲಿ ಬೆವರಿತ್ತು. ನೋಡಿದೆ. ಬಿಸಿಲಿಗೆ ಅಂದುಕೊಂಡೆ. ಮಂಗಳವಾರವೂ ಹಾಕಿದೆ. ಬುಧವಾರವೂ...

ಬುಧವಾರ ಕಾಫಿ ಒಣಗಿಸುವ ಕಣದಲ್ಲಿ ನೀವು ಕುಸಿದಾಗ ಪಟ್ಟಿಗಳು ಮೈಮೇಲೇ ಇದ್ದವು. ಜೀಪು ಬರುವ ಮೊದಲು ಎರಡನ್ನೂ ಕಿತ್ತು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. ಚಿಕ್ಕಮಗಳೂರಿನ ದಾರಿಯಲ್ಲಿ ಆಲ್ದೂರು ದಾಟುವಷ್ಟರಲ್ಲಿ ನಿಮ್ಮ ಕೈ ತಣ್ಣಗಾಗಿತ್ತು. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. "ಮೊದಲೇ ನೋವೇನಾದರೂ ಇತ್ತಾ?" ಎಂದು ಕೇಳಿದರು. ನಿಮ್ಮ ಮಗನ ಎದುರೇ, "ಸೊಂಟನೋವು" ಎಂದೆ. ಯಂತ್ರ ನಿಮ್ಮನ್ನು ಕೊಂದಿತೆ? ಅಥವಾ ಕೂಗಿ ಹೇಳುತ್ತಿದ್ದ ನೋವಿನ ಬಾಯಿಯನ್ನು ನಾನು ಮುಚ್ಚಿದೆನೆ? ಮೂರು ವರ್ಷ ಯಾರನ್ನೂ ಕೇಳಲಿಲ್ಲ. ಕೇಳಿದರೆ...

ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ನಿಮ್ಮ ಮಗ ಎಡತೋಳು ಉಜ್ಜಿಕೊಂಡರು. "ಅಮ್ಮನ ಮಿಷನ್ ಹಾಕು ಮಾರಾಯ್ತಿ. ನಿನ್ನೆ ಸ್ಪ್ರಿಂಕ್ಲರ್ ಪೈಪ್ ಎತ್ತಿದ್ದೆ."

ನಾನು ಒಲೆ ಆರಿಸಿದೆ. "ಅದು ಬೇಡ. ಆಸ್ಪತ್ರೆಗೆ ಹೋಗೋಣ."

"ಕೈನೋವಿಗೆ ಆಸ್ಪತ್ರೆಯಾ? ಅಮ್ಮನಿಗಾದ್ರೆ ದಿನಾ ಹಾಕ್ತಿದ್ಯಲ್ಲ."

ಆಗ ಹೇಳಿಬಿಟ್ಟೆ. ಭುಜ, ಬುಟ್ಟಿ, ಬೆವರು, ಸೆರಗಿನಲ್ಲಿ ಮುಚ್ಚಿಟ್ಟಿದ್ದು, ಎಲ್ಲ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಜೀಪಿನ ಕೀ ತಂದು ನನ್ನ ಕಡೆಗೆ ತಳ್ಳಿದರು. "ನೀನೇ ಓಡಿಸು."

ಚಿಕ್ಕಮಗಳೂರಿನ ಆಸ್ಪತ್ರೆಯವರೆಗೆ ನಾನೇ ಓಡಿಸಿದೆ. ಇಸಿಜಿ ನೋಡಿದ ಡಾಕ್ಟರು, ಇವರಿಗೂ ಹೃದಯಾಘಾತವೇ ಎಂದು, ಅವರನ್ನು ನಡೆಯಲೂ ಬಿಡದೆ ಒಳಗೆ ಕರೆದೊಯ್ದರು. ಎರಡು ದಿನ ದಾಟಲಿ, ಆಮೇಲೆ ಹೇಳುತ್ತೇವೆ ಎನ್ನುತ್ತಾರೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಾಗಿಲ ಗಾಜಿನಲ್ಲಿ ಇಣುಕಿದೆ. ನಿಮ್ಮ ಮಗ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲಿ ಅತ್ತೆ. ಉಸಿರಾಡುತ್ತಿದ್ದಾರೆ. ನಿಮ್ಮನ್ನು ಕೊಂದದ್ದು ಯಂತ್ರವೇ, ನಾನೇ ಎಂದು ಈ ಡಾಕ್ಟರನ್ನು ಕೇಳಿಯೇ ಕೇಳುತ್ತೇನೆ. ನಿಮ್ಮ ಮಗನ ಮಂಚದ ಪಕ್ಕದಲ್ಲಿ, ಅವರಿಗೂ ಕೇಳಿಸುವ ಹಾಗೆ. ಮೊದಲು ಅವರು ಎದ್ದು ಕೂರಲಿ.