ಸುಗ್ಗಿಯ ಐದು ದಿನ ನೋಡಿ ನಿಲ್ಲಿಸಿದ ಬಸ್ಸು

ಬಸ್ಸು ಬಿಡುವ, ನಿಲ್ಲಿಸುವ ಅಧಿಕಾರವಿರುವ ಮಾನ್ಯರೇ,

ನಮ್ಮ ತೊರೆಗುತ್ತಿಯಿಂದ ಸೋಮವಾರಪೇಟೆಗೆ ಹೋಗುತ್ತಿದ್ದ ಬೆಳಗಿನ ಏಳು ಗಂಟೆಯ ಬಸ್ಸನ್ನು ಮೇ ತಿಂಗಳಲ್ಲಿ ನಿಲ್ಲಿಸಿದ್ದೀರಿ. ಕಾರಣ ಕೇಳಿ ಬರೆದರೆ, 'ಜನವಸತಿ ವಿರಳ, ಸಮೀಕ್ಷೆಯ ಐದು ದಿನಗಳಲ್ಲಿ ಪ್ರಯಾಣಿಕರ ಸಂಖ್ಯೆ ಸೊನ್ನೆ' ಎಂದು ಮೊಹರು ಒತ್ತಿ ಉತ್ತರ ಕಳಿಸಿದ್ದೀರಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸೊನ್ನೆ ಎಂದರೇನೆಂದು ನನಗೂ ಗೊತ್ತು. ಮತದಾರರ ಪಟ್ಟಿಯಲ್ಲಿ ಇನ್ನೂರ ಅರವತ್ತೆಂಟು ಹೆಸರಿರುವ ಊರು ಬಸ್ಸಿನ ಬಾಗಿಲಿಗೆ ಬಂದೊಡನೆ ಸೊನ್ನೆಯಾಗುವ ವಿದ್ಯೆ ಮಾತ್ರ ಗೊತ್ತಿಲ್ಲ.

ಆ ಐದು ದಿನ ಯಾವುವು, ಸ್ವಾಮಿ? ಏಪ್ರಿಲ್‌ನಲ್ಲಿ ನಮ್ಮೂರ ಸುಗ್ಗಿ ಹಬ್ಬದ ದಿನಗಳು! ಸುಗ್ಗಿಯ ಕಟ್ಟುಪಾಡನ್ನು ಊರಿಗೆಲ್ಲ ಸಾರಿದ ಮೇಲೆ ಇಲ್ಲಿ ಯಾರೂ ಹಸಿ ಮರ ಕಡಿಯುವುದಿಲ್ಲ, ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಐದು ದಿನ ಊರಗಡಿ ದಾಟುವುದಿಲ್ಲ. ನನ್ನ ಅಜ್ಜನ ಕಾಲದಿಂದಲೂ ಹೀಗೇ. ನಿಮ್ಮ ಗುಮಾಸ್ತರು ಸರಿಯಾಗಿ ಅದೇ ಐದು ದಿನ ಬಸ್ಸಿನಲ್ಲಿ ಬಂದು, ಊರಬಾಗಿಲಲ್ಲಿ ಇಣುಕಿ, ಬರೆದುಕೊಂಡು ಹೋಗಿದ್ದಾರೆ. ವರ್ಷದಲ್ಲಿ ಬೇರೆ ದಿನಗಳೇ ಇರಲಿಲ್ಲವೆ? ಕಂಡಕ್ಟರ್ ಧರ್ಮಪಾಲನನ್ನು ಹಿಡಿದು ಕೇಳಿದೆ.

"ನಾನ್ ಅವ್ರಿಗ್ ಹೇಳ್ದೆ ಅಜ್ಜ, 'ಸುಗ್ಗಿ ಸಾರ್, ಇವತ್ ಯಾರೂ ಹತ್ತಲ್ಲ' ಅಂತ. ಫಾರಮ್ಮಲ್ಲಿ ಸುಗ್ಗಿಗೆ ಕಾಲಮ್ಮೇ ಇಲ್ಲ ಅಂದ್ರು."

"ನೀನಾದ್ರೂ ಒಂದ್ ಮಾತು ನಮ್ಗೆ ಹೇಳ್ಬಾರ್ದಾಗಿತ್ತೇನೋ?"

"ಹೇಳಿದ್ರೆ ನೀವ್ ಗಡಿ ದಾಟ್ತಿದ್ರಾ?"

ದಾಟುತ್ತಿರಲಿಲ್ಲ. ಅದು ಗೊತ್ತಿದ್ದವರೇ ದಿನ ಗೊತ್ತು ಮಾಡಿದ್ದಾರೆಂದು ನನ್ನ ಅನುಮಾನ. ಇನ್ನೊಂದು ಕೇಳಿ. ಮುಖ್ಯರಸ್ತೆಯ ತಿರುವಿನಲ್ಲಿ ಜೀಪು ಓಡಿಸುವವನೊಬ್ಬನಿದ್ದಾನೆ. ನಿಮ್ಮ ಆದೇಶ ಹೊರಟದ್ದು ಮೇ ಇಪ್ಪತ್ತಕ್ಕೆ. ಅವನು ಎರಡನೇ ಜೀಪು ತಂದು ಪೂಜೆ ಮಾಡಿಸಿದ್ದು ಮೇ ಆರಕ್ಕೆ. ಅವನಿಗೆ ಕನಸು ಬಿತ್ತೆ? ಹದಿನಾಲ್ಕು ಜನ ತುಂಬದೆ ಅವನ ಜೀಪು ನಮ್ಮೂರಿಂದ ಕದಲುವುದಿಲ್ಲ. ದಿನಾ ತುಂಬುತ್ತದೆ ಕೂಡ. ಸೊನ್ನೆ ಜನರ ಊರಿನಿಂದ!

ಆ ಜೀಪು ತುಂಬಿ ಹೊರಡುವಾಗ ಒಂಬತ್ತು ಗಂಟೆ. ನನ್ನ ಮೊಮ್ಮಗಳು ರಶ್ಮಿತಾಳ ಕಾಲೇಜು ಶುರುವಾಗುವುದೂ ಒಂಬತ್ತಕ್ಕೆ. ಅವಳು ಎರಡನೇ ಪಿಯುಸಿ. ಆದ್ದರಿಂದ ಬೆಳಗ್ಗೆ ಆರಕ್ಕೆ ನಾನೂ ಅವಳೂ ಎಸ್ಟೇಟಿನ ನಡುವೆ ಐದು ಕಿಲೋಮೀಟರ್ ನಡೆದು ಮುಖ್ಯರಸ್ತೆಯ ಬಸ್ಸು ಹಿಡಿಯುತ್ತೇವೆ. ಆಗಸ್ಟ್‌ನಲ್ಲಿ ಅವಳ ಪರೀಕ್ಷೆಯ ದಿನ ದಾರಿಗೆ ಅಡ್ಡ ಆನೆ ನಿಂತಿತ್ತು. ಒಂದೂವರೆ ಗಂಟೆ ಕಾಫಿ ಗಿಡದ ಮರೆಯಲ್ಲಿ ಕೂತೆವು. ಪರೀಕ್ಷೆ ಹೋಯಿತು.

"ತಾತ, ಹಾಜರಿ ಹಿಂಗೇ ಕಮ್ಮಿ ಆದ್ರೆ ಪಬ್ಲಿಕ್ ಪರೀಕ್ಷೆಗೆ ಕೂರ್ಸಲ್ವಂತೆ. ಸುಮ್ನೆ ಅಮ್ಮನ್ ಜೊತೆ ಕಾಫಿ ಪಿಕ್ಕಿಂಗಿಗೆ ಹೋಗ್ತೀನಿ ಬಿಡಿ."

"ಬಾಯ್ ಮುಚ್ಕೊಂಡ್ ನಡಿ!" ಎಂದು ಗದರಿದೆ. ಅವಳು ನಡೆದಳು. ಬೈಸಿಕೊಳ್ಳಬೇಕಾದವರು ನೀವು, ಬೈಸಿಕೊಂಡದ್ದು ಆ ಮಗು.

ನಾನು ಶಾಲೆ ಬಿಟ್ಟದ್ದೂ ಇದೇ ದಾರಿಯ ದೆಸೆಯಿಂದ. ಆಗ ಬಸ್ಸೇ ಇರಲಿಲ್ಲ, ಯಾರನ್ನೂ ದೂರುವಂತಿರಲಿಲ್ಲ. ಈಗ ದೂರಲು ನೀವಿದ್ದೀರಿ.

ಹೊಸ ಸಮೀಕ್ಷೆ ಮಾಡಿಸಿ. ಹಬ್ಬವಿಲ್ಲದ ಯಾವ ವಾರವಾದರೂ ಸರಿ, ಯಾವ ವಾರವೆಂದು ಜೀಪಿನವನಿಗೆ ಹೇಳಬೇಡಿ. ಅಲ್ಲಿಯವರೆಗೆ ಏಳು ಗಂಟೆಯ ಬಸ್ಸನ್ನು ಬರುವ ಸೋಮವಾರದಿಂದಲೇ ಬಿಡಿ. ಸಮೀಕ್ಷೆ ಮುಗಿಯಲಿ ಎಂದು ಕಾದರೆ ಮೊಮ್ಮಗಳ ವರ್ಷ ಮುಗಿಯುತ್ತದೆ. ಲೆಕ್ಕಕ್ಕೆ ಅದೇ ಗುಮಾಸ್ತರು ಬರಲಿ, ಬೇಸರವಿಲ್ಲ. ಬಸ್ಸು ಬಿಡದಿದ್ದರೆ ಅವರು ಮುಖ್ಯರಸ್ತೆಯಿಂದ ನಡೆದೇ ಬರಬೇಕಾಗುತ್ತದೆ. ಬೆಳಗ್ಗೆ ನಾವು ಎದುರಿಗೆ ಸಿಗುತ್ತೇವೆ. ಎಣಿಸಲು ಅಲ್ಲಿಂದಲೇ ಶುರು ಮಾಡಲಿ: ಒಂದು, ಎರಡು.

ಇಂತಿ,
ವೋಟಿನ ದಿನ ಮಾತ್ರ ತಲೆಯೆಣಿಕೆಗೆ ಸಿಗುವ
ಸಣ್ಣಸ್ವಾಮಿ, ತೊರೆಗುತ್ತಿ