ಹೇಳದೆ ಬಿಟ್ಟ ಎರಡನೇ ಪುಟ

ಶ್ರೀರಂಗಪಟ್ಟಣ
೨೧ ನವೆಂಬರ್ ೧೯೯೯, ಭಾನುವಾರ

ಪ್ರೀತಿಯ ನಿಂಗರಾಜು,

ಮೂರು ವರ್ಷದ ಮೇಲೆ ಈ ಮೇಷ್ಟ್ರ ಅಕ್ಷರ ಕಂಡು ನೀನು ಕಾಗದವನ್ನು ಒಲೆಗೆ ಹಾಕದೆ ಇದ್ದರೆ, ದಯವಿಟ್ಟು ಪೂರ್ತಿ ಓದು. ಒಂದು ಪುಟ ಓದಿ ಇನ್ನೊಂದನ್ನು ಬಿಡಬೇಡ. ಹಾಗೆ ಬಿಟ್ಟವನ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಿನ್ನ ಗಿಟಾರು ಅಸಲಿ ಕಣಯ್ಯ. ಅಮೆರಿಕದಲ್ಲೇ ಮಾಡಿದ್ದು, ೧೯೬೪ನೇ ಇಸವಿಯದು. ಮೊನ್ನೆ ಗುರುವಾರ ಮೈಸೂರಿನಲ್ಲಿ ಈ ಎರಡು ಕಣ್ಣಿಂದ ನೋಡಿ ಬಂದೆ.

ನೀನು ಅದನ್ನು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ತೊಂಬತ್ತಾರರ ಆಗಸ್ಟ್. ಪ್ರಾಣದಂತಿದ್ದ ಯೆಜ್ಡಿ ಬೈಕು ಮಾರಿ, ರಸಮಂಜರಿ ಕಾರ್ಯಕ್ರಮಗಳಲ್ಲಿ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಕೊಂಡಿದ್ದೆ. ಮಾರಿದವರು ಮೈಸೂರಿನ ಹೋಟೆಲ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ನುಡಿಸಿ, ಬೆರಳು ಸೊಟ್ಟಗಾಗಿ, ಇನ್ನು ನುಡಿಸಲಾರೆ ಎಂದು ಕೈಬಿಟ್ಟ ಆಂಗ್ಲೋ ಇಂಡಿಯನ್ ಮುದುಕರು. ನೀನು ನಿಮ್ಮೂರು ಬಾಬುರಾಯನಕೊಪ್ಪಲಿನಿಂದ ಸೈಕಲ್ಲು ತುಳಿದುಕೊಂಡು ಬಂದು, ಬೆನ್ನಿಗೆ ಕಟ್ಟಿದ್ದ ಗಿಟಾರನ್ನು ಬಿಚ್ಚಿ ನಮ್ಮ ಜಗಲಿಯ ಮೇಲೆ ಮಲಗಿಸಿದೆ. ನಾನು ಕೈಚಾಚಿದರೆ, 'ಕೈ ತೊಳ್ಕಂಡು ಮುಟ್ಟಿ ಮೇಷ್ಟ್ರೆ' ಅಂದೆ. ನಮ್ಮ ಮನೆಯ ಜಗಲಿಯಲ್ಲಿ ನನಗೇ ಮಡಿ ಹೇಳಿದವನು ನೀನೊಬ್ಬನೇ.

ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಲೇ ನಮ್ಮ ಆರ್ಕೆಸ್ಟ್ರಾ ಕಟ್ಟಿದವನು ನಾನು. ಕೀಬೋರ್ಡ್ ನನ್ನದು, ಹಾಡುಗಳ ನಡುವೆ ಮೈಕು ಹಿಡಿದು ಮಾತಾಡುವವನೂ ನಾನೇ. ಪಾಂಡವಪುರದ ಗಣಪತಿ ಕಾರ್ಯಕ್ರಮದಲ್ಲಿ ನೀನು ಮೊದಲ ಸಲ ಆ ಗಿಟಾರಿನ ತಂತಿ ಮೀಟಿದಾಗ, ಕಡ್ಲೇಕಾಯಿ ಬಿಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಹಾಡು ಮುಗಿದ ಮೇಲೆ 'ಒನ್ಸ್ ಮೋರ್' ಬಂದದ್ದು ಹಾಡಿದವನಿಗಲ್ಲ, ನಿನಗೆ. 'ಆ ಗಿಟಾರ್ ಹೈದ ಯಾವೂರೋನ್ಲಾ?' ಎಂದು ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ಮೈಕಿನಲ್ಲಿ ನಿನ್ನನ್ನು ಹಾಡಿ ಹೊಗಳಿದೆ. ಹೊಟ್ಟೆಯೊಳಗೆ ಮಾತ್ರ ಹಸಿಮೆಣಸಿನಕಾಯಿ ಅರೆದ ಹಾಗಾಗಿತ್ತು. ಇದನ್ನು ನನ್ನ ಹೆಂಡತಿ ಪದ್ಮಳಿಗೂ ಹೇಳಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ.

ಮುಂದಿನ ತಿಂಗಳು ಆಯುಧಪೂಜೆ. ನಿಮ್ಮ ಮನೆಯಲ್ಲಿ ಟ್ರಾಕ್ಟರು, ಮಚ್ಚು, ಕುಡುಗೋಲಿನ ಸಾಲಿನಲ್ಲಿ ಗಿಟಾರೂ ಕೂತಿತು. ದೇವರ ಮುಂದೆ ಇಡುವುದನ್ನು ಕೊಳೆಯಾಗಿ ಇಡುತ್ತಾರೆಯೇ? ನಿಮ್ಮವ್ವ ಪುಟ್ಟಗೌರಮ್ಮ ದೀಪದ ಕಂಬ ಬೆಳಗಿದ ಹುಣಸೆಹಣ್ಣಿನಲ್ಲೇ ಗಿಟಾರಿನ ತಲೆಯನ್ನೂ ಬೆಳಗಿಬಿಟ್ಟರು. ಬಂಗಾರದ ಬಣ್ಣದ ಕಂಪನಿ ಹೆಸರು ಅರ್ಧ ಅಳಿಸಿಹೋಯಿತು. ಉಳಿದರ್ಧದ ಮೇಲೆ ಅರಿಶಿನ ಕುಂಕುಮ ಬಿತ್ತು.

ನವೆಂಬರ್ ಒಂದರಂದು ನಾಗಮಂಗಲದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವಿತ್ತು. ವೇದಿಕೆ ಹಿಂದಿನ ಶಾಮಿಯಾನದಲ್ಲಿ ನೀನು ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, 'ಅವ್ವ ಉಜ್ಬುಟ್ಟವ್ಳೆ ಮೇಷ್ಟ್ರೆ, ಬೆಲೆ ಕಮ್ಮಿಯಾಯ್ತದಾ?' ಎಂದೆ. ಕೇಳಿದ್ದು ಅಷ್ಟೇ. ಅಸಲಿಯೋ ನಕಲಿಯೋ ಎಂದು ನೀನು ಕೇಳಿರಲೇ ಇಲ್ಲ. ಆ ಮಾತು ಎತ್ತಿದವನು ನಾನು.

ಕನ್ನಡಕ ಸರಿಮಾಡಿಕೊಂಡು, ಡ್ರಮ್ಸಿನ ಚಿಕ್ಕಸ್ವಾಮಿಯಿಂದ ಹಿಡಿದು ಎಲ್ಲರೂ ನೋಡುತ್ತಿರುವಾಗ, ಉಳಿದ ಅಕ್ಷರದ ಮೇಲೆ ಉಗುರು ಎಳೆದೆ. ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಕಲಿ ಗಿಟಾರು ಗುರುತಿಸುವುದು ಹೇಗೆಂದು ಓದಿದ್ದೆನಲ್ಲ, ಪಾಠ ಒಪ್ಪಿಸಿದೆ. ಅಸಲಿಯಲ್ಲಿ ಹೆಸರು ಪಾಲಿಶ್ ಕೆಳಗಿರುತ್ತದೆ, ಉಗುರಿಗೆ ಸಿಗುವುದಿಲ್ಲ, ನಕಲಿಯಲ್ಲಿ ಮೇಲೆ ಅಂಟಿಸಿರುತ್ತಾರೆ ಎಂದೆ. ನೀನು ಹಿಂದಿನ ತಗಡಿನ ಮೇಲಿದ್ದ ನಂಬರು ತೋರಿಸಿದೆ. ನಂಬರು ಯಾರು ಬೇಕಾದರೂ ಒತ್ತಬಹುದು ಎಂದೆ. 'ಡೂಪ್ಲಿಕೇಟು ಕಣೋ, ಮುದುಕ ನಿನಗೆ ಟೋಪಿ ಹಾಕಿದ್ದಾನೆ' ಎಂದೆ. ಚಿಕ್ಕಸ್ವಾಮಿ ನಕ್ಕ. ನೀನು 'ಇಂಗ್ಲೀಷ್ ಮೇಷ್ಟ್ರು ಯೋಳುದ್ ಮ್ಯಾಲೆ ಮುಗೀತು ಬುಡಿ' ಎಂದು ಗಿಟಾರನ್ನು ಅಲ್ಲೇ ಬಿಟ್ಟು ಎದ್ದೆ.

ಆ ಲೇಖನ ಎರಡು ಪುಟದ್ದು, ನಿಂಗರಾಜು. ಎರಡನೇ ಪುಟದಲ್ಲಿ ಹೀಗೆ ಬರೆದಿತ್ತು: ಹಳೇ ಕಾಲದ ಗಿಟಾರುಗಳಲ್ಲಿ ಹೆಸರನ್ನು ಪಾಲಿಶ್ ಮೇಲೆಯೇ ಅಂಟಿಸುತ್ತಿದ್ದದ್ದುಂಟು, ಅದು ಸವೆದು ಹೋಗುತ್ತದೆ. ಅಕ್ಷರ ನೋಡಿ ತೀರ್ಮಾನಕ್ಕೆ ಬರಬೇಡಿ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಕತ್ತಿನ ಮರದ ತುದಿ ನೋಡಿ, ಮಾಡಿದ ತಿಂಗಳು, ಇಸವಿಯ ಮುದ್ರೆ ಅಲ್ಲಿರುತ್ತದೆ. ಅದನ್ನೂ ನಾನು ಓದಿದ್ದೆ. ಮರೆತಿರಲೂ ಇಲ್ಲ. ಸ್ಕ್ರೂಡ್ರೈವರು ನನ್ನ ಕೀಬೋರ್ಡಿನ ಪೆಟ್ಟಿಗೆಯಲ್ಲೇ ಇತ್ತು. ಕಾರ್ಯಕ್ರಮಕ್ಕೆ ಹೊತ್ತಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಶುರುವಾಗಲು ಇನ್ನೂ ಒಂದು ಗಂಟೆ ಇತ್ತು.

ಮಾರನೇ ದಿನ ನೀನು ಮೈಸೂರಿಗೆ ಹೋಗಿ, ಆ ಮುದುಕರ ಹೊಸ್ತಿಲ ಮುಂದೆ ನಿಂತು, ಬೀದಿಯವರೆಲ್ಲ ಕೇಳುವಂತೆ ಕಳ್ಳ ಎಂದು ಕೂಗಿ ಬಂದೆ. ಕಟ್ಟಿದ ಎಮ್ಮೆಗೂ ಗದರದವನು ನೀನು. ಅವರು ಬಾಗಿಲು ಹಾಕಿಕೊಂಡರು ಎಂದು ಬಂದು ಹೇಳಿದೆ. ತಪ್ಪಿಲ್ಲದವನು ಬಾಗಿಲು ಯಾಕೆ ಹಾಕಿಕೊಳ್ಳುತ್ತಾನೆ ಎಂದು ನಾನು ಅದಕ್ಕೂ ಒಂದು ಅರ್ಥ ಹೇಳಿಕೊಟ್ಟೆ. ಆಮೇಲೆ ನೀನು ಕಾರ್ಯಕ್ರಮಕ್ಕೆ ಬರಲಿಲ್ಲ. ಯಾವ ಗಿಟಾರನ್ನೂ ಮುಟ್ಟಲಿಲ್ಲ. ಮದುವೆಯಾಗಿ ಕೆ.ಆರ್. ಪೇಟೆ ಕಡೆ ಹೋದೆ. ಈಗ ಹೇಮಗಿರಿಯ ಹತ್ತಿರ ಹಾಲಿನ ಡೈರಿಯಲ್ಲಿದ್ದೀಯಂತೆ. ಲ್ಯಾಕ್ಟೋಮೀಟರ್ ಅದ್ದಿ ನೋಡದೆ ಯಾರ ಹಾಲಿಗೂ ನೀರು ಬೆರೆಸಿದ್ದಾರೆ ಅನ್ನುವುದಿಲ್ಲವಂತೆ ನೀನು. ಆ ಕಡೆಯವರೊಬ್ಬರು ಬಸ್ಸಿನಲ್ಲಿ ಮೆಚ್ಚಿಕೊಂಡು ಹೇಳಿದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ನೀನು ಬಿಟ್ಟುಹೋದ ಗಿಟಾರು ನನ್ನ ಹಳೇ ಪಂಚೆ ಸುತ್ತಿಕೊಂಡು ನಮ್ಮ ಅಟ್ಟದಲ್ಲಿತ್ತು. ನಿಮ್ಮವ್ವ ಶನಿವಾರ ಶನಿವಾರ ರಂಗನಾಥಸ್ವಾಮಿ ದರ್ಶನಕ್ಕೆ ಬಂದವರು ನನ್ನನ್ನು ಕಂಡರೆ ನಿಲ್ಲುತ್ತಿದ್ದರು. 'ಮೇಷ್ಟ್ರೆ, ನಾನು ಉಜ್ದೆ ಇದ್ದಿದ್ರೆ ಅದು ಅಸ್ಲಿಯಾಗೇ ಇರ್ತಿತ್ತಾ?' ಇಲ್ಲಮ್ಮ, ಅದು ಮೊದಲಿಂದಲೂ ನಕಲಿಯೇ, ನಿಮ್ಮ ತಪ್ಪೇನಿಲ್ಲ ಎನ್ನುತ್ತಿದ್ದೆ. ಅವರಿಗೆ ನಂಬಿಕೆ ಬರಲಿಲ್ಲ. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಆಯುಧಪೂಜೆಗೆ ಈಗ ಏನನ್ನೂ ತಾವು ಬೆಳಗುವುದಿಲ್ಲವಂತೆ, ನಿಮ್ಮ ಅತ್ತಿಗೆಯ ಕೈಯಲ್ಲೇ ಬೆಳಗಿಸುತ್ತಾರಂತೆ.

ಹೋದ ವಾರ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದೆವು. ನಕಲಿಯಾದರೂ ಕಲಿಯುವವರಿಗೆ ಆದೀತು ಎಂದು ಮೈಸೂರಿನ ರಿಪೇರಿಯವನ ಹತ್ತಿರ ಒಯ್ದೆ. ಅವನು ನಾಲ್ಕು ಸ್ಕ್ರೂ ಬಿಚ್ಚಿದ. ಎರಡು ನಿಮಿಷದ ಕೆಲಸ. ಮರದ ತುದಿಯನ್ನು ಬೆಳಕಿಗೆ ಹಿಡಿದು ಮುದ್ರೆ ತೋರಿಸಿ, 'ಯಾರ್ರೀ ಇದನ್ನ ಡೂಪ್ಲಿಕೇಟ್ ಅಂದೋರು?' ಎಂದ. 'ಯಾರೋ' ಎಂದೆ. ನೋಡು, ಅಲ್ಲೂ ನನ್ನ ಬಾಯಿಗೆ ನಿಜ ಬರಲಿಲ್ಲ. ಆ ಮುದುಕರನ್ನು ಅವನು ಬಲ್ಲವನು. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ. ಹೆಂಡತಿ ಅದೇ ಮನೆಯಲ್ಲಿದ್ದಾರಂತೆ.

ನಿನ್ನೆ ಶನಿವಾರ. ದೇವಸ್ಥಾನದ ಬಾಗಿಲಲ್ಲಿ ನಾನೇ ನಿಮ್ಮವ್ವನಿಗಾಗಿ ಕಾದು ನಿಂತಿದ್ದೆ. ನಡೆದದ್ದನ್ನು ಹೇಳಿದೆ, ಎರಡನೇ ಪುಟವನ್ನೂ. ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡು, 'ಅಂಗಾರೆ ನನ್ ಕೈ ತಪ್ಪಲ್ವಾ?' ಎಂದರು. ಅಲ್ಲಮ್ಮ, ನನ್ನ ಬಾಯಿಯ ತಪ್ಪು ಎಂದೆ. ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, 'ನಂಗ್ ಯೋಳುದ್ರಿ, ಸರಿ. ನನ್ ಮಗನ ಕೈಲಿ ಕಳ್ಳ ಅನ್ಸ್‌ಕೊಂಡ್ರಲ್ಲಾ, ಆ ಅಪ್ಪಂಗೆ ಯಾರ್ ಯೋಳಾರು?' ಎಂದು ಒಳಗೆ ಹೋದರು.

ಅದಕ್ಕೆ ಬರೆಯುತ್ತಿದ್ದೇನೆ. ಬರುವ ಭಾನುವಾರ ಗಿಟಾರು ತೆಗೆದುಕೊಂಡು ನಿನ್ನ ಊರಿಗೆ ಬರುತ್ತೇನೆ. ರಿಪೇರಿಯವನು ಹೊಸ ಹೆಸರು ಅಂಟಿಸಿಕೊಡಲೇ ಎಂದ, ಬೇಡವೆಂದೆ. ನಿಮ್ಮವ್ವ ಬೆಳಗಿದ ಹಾಗೆಯೇ ಇರಲಿ. ತಂತಿ ಕಟ್ಟಿಸಿಲ್ಲ, ಅದು ನಿನ್ನ ಕೈ ಕೆಲಸ. ಕಟ್ಟಲೇಬೇಕು ಎಂದು ಕೇಳುವ ಮುಖ ನನಗಿಲ್ಲ. ಕೇಳುವುದು ಒಂದೇ. ಆ ಮುದುಕರ ಮನೆ ನಿನಗೆ ಗೊತ್ತು, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು. ನೀನು ಬಾಯಿ ಬಿಡಬೇಕಾಗಿಲ್ಲ. ನೀನು ನಿಂತಿದ್ದ ಹೊಸ್ತಿಲ ಮುಂದೆ ಈ ಸಲ ನಾನು ನಿಂತು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಆ ಅಮ್ಮನಿಗೆ ಹೇಳುತ್ತೇನೆ. ಇಂಗ್ಲಿಷಿನಲ್ಲೇ ಹೇಳಬೇಕಾದೀತು. ಅಷ್ಟಕ್ಕಾದರೂ ನನ್ನ ಇಂಗ್ಲಿಷು ಬರಲಿ.

ನಿನ್ನ ಮನೆ ತಣ್ಣಗಿರಲಿ, ನಿನ್ನ ಬೆರಳುಗಳು ಇನ್ನೂ ಚುರುಕಾಗಿಯೇ ಇರಲಿ ಎಂದು ರಂಗನಾಥನಲ್ಲಿ ಬೇಡಿಕೊಳ್ಳುವ,

ನಿನ್ನ ಮೇಷ್ಟ್ರು,
ಶ್ರೀನಿವಾಸಮೂರ್ತಿ