ಒಳಲೆಗೆ ಎರಡು ತೂತು

10-1-99, ಭಾನುವಾರ, ಮಧ್ಯಾಹ್ನ 3

ಇವತ್ತೂ ಡ್ಯಾಮಿನಲ್ಲಿ ಒಂದು ಮೀನೂ ಸಿಗಲಿಲ್ಲ. ಐದನೇ ಭಾನುವಾರ. ಮಾದೇಶನ ಹರಿಗೋಲು, ನನ್ನ ನೈಲಾನ್ ದಾರ, ಸ್ಟೀಲ್ ಚಮಚದ ತಲೆ ಕತ್ತರಿಸಿ ಗಾಳ ಕಟ್ಟಿದ ಹುಸಿಮೀನು, ಡಾನ್ ಭಾಷೆಯಲ್ಲಿ ಸ್ಪೂನ್. ಎಲ್ಲ ಡಾನ್ ಹೇಳಿದ ಹಾಗೆಯೇ. ನೂರು ಅಡಿ ದಾರ ಬಿಡು, ದೋಣಿ ನಿಧಾನ ಹೋಗಲಿ, ಸ್ಪೂನ್ ಹಿಂದೆ ಮಿಂಚುತ್ತಾ ಬರಲಿ. ದೊಡ್ಡ ಮೀನು ಅದನ್ನು ಮರಿಮೀನು ಅಂದುಕೊಂಡು ಕಚ್ಚುತ್ತದೆ. ಟ್ರೋಲಿಂಗ್ ಅಂದರೆ ಇಷ್ಟೇ.

ಡಾನ್ ಅಮೆರಿಕದವನು. ವಾಲೈ ಅನ್ನುವ ಮೀನು ಹಿಡಿಯುತ್ತಾನೆ. ಮುಖ ನೋಡಿಲ್ಲ, ಮೀನು ಹಿಡಿಯುವವರು ಇಂಟರ್‌ನೆಟ್‌ನಲ್ಲಿ ಬರೆದುಕೊಳ್ಳುವ ಫೋರಂನಲ್ಲಿ ಪರಿಚಯ. ನಾನು ಟೈಪಿಂಗ್ ಮಾಡುವ ಕಂಪ್ಯೂಟರ್ ಸೆಂಟರ್‌ನಲ್ಲಿ ನೀಲಕಂಠಸ್ವಾಮಿ ಸರ್ ಶನಿವಾರ ಅರ್ಧ ಗಂಟೆ ಇಂಟರ್‌ನೆಟ್ ಬಿಡುತ್ತಾರೆ. ಡಾನ್ ಬರೆದದ್ದು ಒಂದನ್ನೂ ಓದದೆ ಬಿಟ್ಟಿಲ್ಲ. ಪ್ರಿಂಟೌಟ್ ನಲವತ್ತೊಂದು ಪುಟ.

ಆದರೆ ಅವರ ದೋಣಿ ನೆಟ್ಟಗೆ ಹೋಗುತ್ತದೆ. ನಮ್ಮ ಹರಿಗೋಲು ಬುಗುರಿ.

"ಸ್ವಾಮೇರೆ, ನಿಮ್ ಡಾನ್‌ನ ಒಂದ್ಸಲ ಇದ್ರಲ್ಲಿ ಕೂರ್ಸಿ. ವಾಲೈ ಅಲ್ಲ, ವಾಂತಿ ಬತ್ತದೆ," ಅಂದ ಮಾದೇಶ.

ಈ ಡ್ಯಾಮಿನಲ್ಲಿ ವಾಲೈ ಇಲ್ಲ. ಅದರ ಹಾಗೆ ಹಲ್ಲಿರುವುದು ಬಾಳೆ ಮೀನು. ಆಳು ಉದ್ದ ಬೆಳೆಯುತ್ತದಂತೆ. ಒಂದು ಸಾಕು. ಹಿಡಿದು, ನೋಡಿ, ಬಿಟ್ಟುಬಿಡುತ್ತೇನೆ. ಡಾನ್ ಕೂಡ ಬಿಡುತ್ತಾನೆ. ಇದನ್ನು ಅಪ್ಪನಿಗೆ ಹೇಳಿ ನೋಡು... ಲಿಂಗ ಕಟ್ಟಿದ ಮನೆ. ಮೀನಿನ ವಾಸನೆ ಬಂದರೆ ಹೊಸಿಲು ದಾಟಿಸಲ್ಲ. ದಾರಿಯ ಬೋರ್‌ವೆಲ್‌ನಲ್ಲಿ ಎರಡು ಸಲ ಕೈ ತೊಳೆದು ಬಂದೆ.

14-1-99, ಸಂಕ್ರಾಂತಿ

ಅಜ್ಜಿ ಬೆಳ್ಳಿ ಸಾಮಾನೆಲ್ಲ ಹಿತ್ತಲಿಗೆ ಹಾಕಿದಳು. ಮನೆಗೆಲಸದ ಸಣ್ಣತಾಯಮ್ಮ — ಮಾದೇಶನ ತಾಯಿ — ಹುಣಸೆಹಣ್ಣಿಟ್ಟು ಉಜ್ಜಿದಳು. ಒಳಲೆ ಫಳಫಳ. ನಮ್ಮ ಮನೆಯ ಕೂಸುಗಳೆಲ್ಲ ಮೊದಲ ಹಾಲು ಕುಡಿದದ್ದು ಅದರಲ್ಲೇ. ಅಪ್ಪ, ಸುಧಕ್ಕ, ನಾನು.

"ಬೇಸಗೇಲಿ ಸುಧಾಮಣಿ ಕೂಸು ಕುಡೀತದೆ ಕಣೆ ಸಣ್ಣತಾಯಿ, ಚೆಂದಾಗಿ ಉಜ್ಜು," ಅಂದಳು ಅಜ್ಜಿ. ಅಕ್ಕ ಗುಂಡ್ಲುಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬಾಣಂತನಕ್ಕೆ ಬರುತ್ತಾಳೆ.

ನಾನು ಅದರ ಆಕಾರವನ್ನೇ ನೋಡುತ್ತಿದ್ದೆ. ಮೊಟ್ಟೆಯ ಹಾಗೆ ಉದ್ದುದ್ದ, ನಡುವೆ ಗುಳಿ, ಒಂದು ತುದಿಗೆ ಕೊಕ್ಕು. ಥೇಟ್ ಪ್ರಿಂಟೌಟ್ ಹದಿನೇಳನೇ ಪುಟದ ಸ್ಪೂನ್. ಡಾನ್ ಬರೆದಿದ್ದ — ಕೆಸರು ನೀರಿಗೆ ನಿಜವಾದ ಬೆಳ್ಳಿಯಂಥದ್ದು ಯಾವುದೂ ಇಲ್ಲ.

ಸುಮ್ಮನೆ ನೋಡಿದ್ದು.

17-1-99, ಬೆಳಿಗ್ಗೆ

ಒಳಲೆ ತೆಗೆದುಕೊಂಡೆ. ಮತ್ತೆ ಪೆಟ್ಟಿಗೆಗೆ ಇಡುವಾಗ ಯಾರೂ ಎಣಿಸಲಿಲ್ಲ. ರೇಡಿಯೊ ರಿಪೇರಿ ಸಿದ್ದಯ್ಯನ ಡ್ರಿಲ್ಲು ಕೇಳಿ ತಂದು ಎರಡು ತೂತು ಹಾಕಿದೆ. ಕೊಕ್ಕಿಗೆ ಒಂದು, ದಾರಕ್ಕೆ. ಹಿಂದೆ ಒಂದು, ಗಾಳಕ್ಕೆ. ಸಾಸಿವೆ ಕಾಳಿಗಿಂತ ಚೂರು ದೊಡ್ಡವು. ಅಕ್ಕಸಾಲಿ ಒಂದು ಬೊಟ್ಟು ಬೆಳ್ಳಿ ಇಟ್ಟರೆ ಮುಚ್ಚಿಹೋಗುತ್ತದೆ. ಒಂದೇ ವಾರ.

24-1-99, ಸಂಜೆ 6

ಬಾಳೆ ಮೀನೇ.

ಹಿಡಿಯಿತು. ಹಳೇ ಹುಣಸೆಮರ ಮುಳುಗಿದೆಯಲ್ಲ, ಅದರ ಹತ್ತಿರ. ದಾರ ಕೈ ಕೊಯ್ದು ಓಡಿತು. ಹರಿಗೋಲು ಗಿರಗಿರ ತಿರುಗಿತು, ಮಾದೇಶ "ಬುಡಿ ಬುಡಿ, ಸಡ್ಲ ಬುಡಿ" ಅಂತ ಕೂಗಿದ. ನೀರಿಂದ ಮೇಲೆ ಬಂತು. ನೋಡಿದೆ. ಅಷ್ಟಗಲ ಬಾಯಿ, ಬಾಯಲ್ಲಿ ನಮ್ಮ ಒಳಲೆ ಹೊಳೀತಾ ಇತ್ತು. ಆಮೇಲೆ ದಾರ ಹಗುರಾಯಿತು.

ಹಲ್ಲಲ್ಲಿ ಕಡಿದಿದೆ. ಸ್ಪೂನ್ ಮುಂದೆ ಒಂದು ಗೇಣು ತಂತಿ ಕಟ್ಟು ಅಂತ ಡಾನ್ ಬರೆದಿದ್ದ. ತಂತಿ ಹಾಕಿದರೆ ಮಿಂಚು ಕಮ್ಮಿಯಾಗುತ್ತೆ ಅಂತ ನಾನೇ ಬಿಟ್ಟೆ.

"ಓದ್ರೆ ಓಯ್ತು ಬುಡಿ, ಒಂದ್ ಚಮ್ಚ ತಾನೆ?" ಅಂದ ಮಾದೇಶ.

ಏನದು ಅಂತ ಆಗ ಹೇಳಿದೆ. ಅವನು ಹುಟ್ಟು ಕೆಳಗಿಟ್ಟ.

14-2-99, ಶಿವರಾತ್ರಿ

ಉಪವಾಸ. ಮಾದೇಶ ಮೂರು ಭಾನುವಾರ ಮುಳುಗಿ ಮುಳುಗಿ ಹುಡುಕಿದ. ನನಗೆ ಈಜು ಬರಲ್ಲ, ಹರಿಗೋಲಲ್ಲಿ ಕೂತು ನೋಡಿದೆ. ಗಾಳವನ್ನು ಮೀನು ತಾನೇ ಉದುರಿಸಿಕೊಳ್ಳುತ್ತದೆ, ತಳದಲ್ಲಿ ಹುಡುಕು ಅಂತ ಡಾನ್ ಉತ್ತರ. ಕೆಳಗೆ ಒಂದು ನಗುವ ಮುಖ ಹಾಕಿದ್ದ.

7-3-99

ಅಕ್ಕ ಬಂದಳು. ಕಾಲು ಊದಿದೆ. "ಏನೋ ರುದ್ರ, ಇಷ್ಟ್ ಕಪ್ಪಾಗಿದ್ದೀಯ? ಕಂಪ್ಯೂಟರ್ ಬಿಸಿಲಲ್ಲಿ ಇಟ್ಟವ್ರಾ?" ಅಂದಳು. ಎಲ್ಲ ನಕ್ಕರು. ಫೋರಂ ಓದೋದು ಬಿಟ್ಟೆ.

11-4-99

ಗಂಡುಮಗು. ಅಜ್ಜಿ ಪೆಟ್ಟಿಗೆ ತೆಗೆದಳು. ಒಳಲೆ ಇಲ್ಲ.

12-4-99

ಅಟ್ಟ, ದೇವರ ಗೂಡು, ರಾಗಿ ವಾಡೆ, ಎಲ್ಲ ಹುಡುಕಿದರು. ನಾನೂ ಹುಡುಕಿದೆ. ಅಟ್ಟ ಹತ್ತಿ, ಮೈಗೆಲ್ಲ ಧೂಳು ಮಾಡಿಕೊಂಡು, ಹುಡುಕಿದೆ.

ಸಂಜೆ ಅಜ್ಜಿಗೆ ನೆನಪಾಯಿತು. ಕೊನೆಗೆ ಮುಟ್ಟಿದ್ದು ಸಂಕ್ರಾಂತಿಯ ದಿನ, ಸಣ್ಣತಾಯಮ್ಮ.

13-4-99, ಬೆಳಿಗ್ಗೆ 8

ಅಪ್ಪ ಜಗುಲಿಯಲ್ಲಿ. ಅವಳು ಅಂಗಳದಲ್ಲಿ.

"ಇಪ್ಪತ್ವರ್ಷ ಉಜ್ಜಿವ್ನಿ ಬುದ್ದಿ, ಒಂದ್ ಚಮ್ಚನೂ ಮನ್ಗ್ ತಕಂಡೋಗಿಲ್ಲ. ಮಾದಪ್ಪನಾಣೆ."

"ಮಾದಪ್ಪನ್ನ ಯಾಕೆ ಕರೀತೀಯೆ? ನಾಳೆಯಿಂದ ಬರ್ಬ್ಯಾಡ."

ಅವಳು ಅಳಲಿಲ್ಲ. ಸೆರಗಿಗೆ ಅಂಟಿದ್ದ ಬೂದಿ ಕೊಡವಿ ನನ್ನ ಕಡೆ ತಿರುಗಿದಳು. "ಚಿಕ್ಕಬುದ್ದಿ, ನೀವಾದ್ರೂ ಏಳಿ. ನಿಮ್ಮ ಎತ್ತಾಡ್ಸಿದ ಕೈ ಇದು."

ಬಾಗಿಲ ಹತ್ತಿರ ನಿಂತಿದ್ದೆ. ಹೇಳಬೇಕಾದ್ದು ನಾಲ್ಕು ಮಾತು. ನಾನು ತೆಗೆದೆ. ಮೀನು ಹಿಡಿಯೋಕೆ.

ಸೆಂಟರ್‌ಗೆ ಹೊತ್ತಾಯಿತು ಅಂತ ಹೇಳಿ ಬಸ್ಸಿಗೆ ಹೋದೆ.

18-4-99

ಮಾದೇಶ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅವ್ವ ಮನೆ ಬುಟ್ಟು ಈಚ್ಗೆ ಬತ್ತಿಲ್ಲ. ನೀರ್ ತರಕೋದ್ರೆ ಎಲ್ರೂ ಕೇಳ್ತರೆ, ಒಳ್ಳೆ ಬೆಳ್ಳಿನಾ ಅಂತ."

"ಹೇಳ್ತೀನಿ ಮಾದೇಶ. ಮಗುಗೆ ನಾಮಕರಣ ಆಗ್ಲಿ, ಮನೇಲಿ ಎಲ್ಲ ಖುಷಿಯಾಗಿರ್ತಾರೆ, ಆಗ..."

"ನೀವ್ ಏಳಕಿಲ್ಲ. ಬುಡಿ. ನೀರ್ ಇಳೀತಾ ಅದೆ. ನಾನೇ ಉಡುಕ್ತೀನಿ."

2-5-99

ನಾಮಕರಣ ಆಯಿತು. ಹೇಳಲಿಲ್ಲ.

9-5-99, ಭಾನುವಾರ, ಬೆಳಿಗ್ಗೆ 11

ಸಿಕ್ಕಿದೆ. ಸಿಕ್ಕಿದೆ, ದೇವರೇ...

ಡ್ಯಾಮಿನ ನೀರು ಇಳಿದು ಹುಣಸೆಮರದ ಹತ್ತಿರ ಒಂದು ಗುಂಡಿ ಉಳಿದಿತ್ತಂತೆ. ಮಾದೇಶನ ಬಲೆಗೆ ಬಾಳೆ ಮೀನು ಬಿದ್ದಿದೆ. ದವಡೆಯಲ್ಲಿ ಗಾಳ, ಗಾಳದಲ್ಲಿ ಒಳಲೆ. ಮೂರೂವರೆ ತಿಂಗಳು ಹೊತ್ತು ತಿರುಗಿದೆ. ಅವನು ಗಾಳ ಕಿತ್ತು, ಮರಳಿಟ್ಟು ಉಜ್ಜಿದ. ನನ್ನ ಹತ್ತಿರ ಬರಲಿಲ್ಲ. ನೇರ ನಮ್ಮ ಅಂಗಳಕ್ಕೆ ಬಂದ. ನಗುತ್ತಿದ್ದ. ವಸ್ತು ಸಿಕ್ಕಿತು, ಅವ್ವ ಕಳ್ಳಿಯಲ್ಲ ಅಂತ ತಾನೇ ಆಗುತ್ತೆ ಅಂದುಕೊಂಡು.

ಅಪ್ಪ ತಿರುಗಿಸಿ ನೋಡಿದರು. "ಎಲ್ಲಿತ್ಲಾ?"

"ಡ್ಯಾಮಲ್ಲಿ ಬುದ್ದಿ. ಬಾಳೆ ಮೀನ್ ಬಾಯಲ್ಲಿ."

"ಓಹೋ. ಮೀನು ನಮ್ಮ ಮನೆಗೆ ಈಜ್ಕಂಡ್ ಬಂದಿತ್ತೇನ್ಲಾ, ಪೆಟ್ಗೆ ತಗ್ದು ಒಳಲೆ ಕಚ್ಕಂಡೋಗಕೆ?"

ಜಗುಲಿಯಲ್ಲಿದ್ದವರೆಲ್ಲ ನಕ್ಕರು.

"ತೂತ್ ಬೇರೆ ಹಾಕವ್ರೆ. ಸರಕ್ಕೆ ಪೋಣ್ಸಕಾ? ಕದ್ದೋಳು ತಾಯಿ, ತಂದೋನು ಮಗ. ಇನ್ನೇನ್ ಸಾಕ್ಷಿ ಬೇಕು?"

ಮಾದೇಶನ ನಗು ನಿಂತಿತು. ನನ್ನ ನೋಡಿದ. ಒಂದು ಮಾತು ಅವನೂ ಹೇಳಬಹುದಿತ್ತು. ಹೇಳಲಿಲ್ಲ. ಕಾದ. ನನ್ನ ಬಾಯಿ ತೆರೆಯಿತು. ಅಪ್ಪ ತಿರುಗಿ "ಏನು?" ಅಂದರು.

"ಏನಿಲ್ಲ," ಅಂದೆ.

9-5-99, ಸಂಜೆ

ತಾಯಿ ಮಗ ಮಧ್ಯಾಹ್ನದ ಬಸ್ಸಿಗೆ ಮದ್ದೂರಿನ ಕಡೆ ನೆಂಟರ ಮನೆಗೆ ಹೋದರಂತೆ. ಹರಿಗೋಲು ಬೋರಲು ಹಾಕಿ ಹೋಗಿದ್ದಾನೆ. ವಾಪಸು ಬರುವವರು ಹಾಗೆ ಹಾಕಿ ಹೋಗಲ್ಲ.

10-5-99, ಬೆಳಿಗ್ಗೆ 7

ಅಜ್ಜಿ ಒಳಲೆ ಕಾಯಿಸಿದ ನೀರಲ್ಲಿ ತೊಳೆದು, ವಿಭೂತಿ ಹಚ್ಚಿ, ಮತ್ತೆ ತೊಳೆದಳು. ಮೀನಿನ ಕಥೆ ಯಾರೂ ನಂಬಿಲ್ಲ. ಅದಕ್ಕೇ ಅದು ಮತ್ತೆ ಹೊಸಿಲು ದಾಟಿ ಒಳಗೆ ಬಂತು. ಮಗುವಿಗೆ ಬಜೆ ತೇಯ್ದು ಹಾಲಲ್ಲಿ ಕಲಸಿ ತಂದಳು. ಹಾಲು ಹಿಂದಿನ ತೂತಿನಿಂದ ತೊಟ್ಟಿಕ್ಕಿತು.

"ರುದ್ರ, ಬಾ ಕಣಪ್ಪ. ನನ್ ಬೆರಳು ನಡುಗ್ತದೆ. ಈ ತೂತ ಒಸಿ ಒತ್ತಿ ಹಿಡ್ಕೊ."

ಹೋಗಿ ಹಿಡಿದೆ. ಮಗು ಕುಡಿಯಿತು. ಅಜ್ಜಿ "ಕೈ ಮುರಿದೋಗ, ತೂತು ಹಾಕ್ದೋರ್ದು," ಅಂದಳು. ತೂತಿನ ಅಂಚು ಬೆರಳಿಗೆ ಇನ್ನೂ ಚುಚ್ಚುತ್ತದೆ. ಕೊರೆದ ಮೇಲೆ ಅರ ಹಾಕಿ ಉಜ್ಜಬೇಕಿತ್ತು, ನಾನು ಉಜ್ಜಿರಲಿಲ್ಲ.